ಛದವಿನೋದಿ ಮುಮ್ಮಡಿ ಕೃಷ್ಣರಾಜ ಒಡೆಯರು

ಇಸ್ಪೇಟಿನ ಎಲೆಗಳೆಂದರೆ ನಮ್ಮ ಸೀಮೆಯ ಹಿರಿಯರಿಗೆ ಅಷ್ಟಕ್ಕಷ್ಟೆ. ಚೀಕಲಪರ್ವಿಯಂತಹ ಊರಿನಲ್ಲಿ, ವಿಜಯದಾಸರಂತಹ ಹರಿದಾಸರು ಬಾಳಿದ ತುಂಗಭದ್ರೆಯ ದಂಡೆಯಲ್ಲಿ, ನಾಲ್ವರು ತರುಣರು ಕಟ್ಟೆಯ ಮೇಲೆ ಎಲೆ ಹರಡಿಕೊಂಡು ಕುಳಿತರೆ ಮನೆಮನೆಯಲ್ಲಿಯೂ ಮಾತು ಏಳುವುದು. ಎಲೆಯಾಟದಿಂದ ಹೊಲ ಮಾರಿದವನ ಕಥೆಯೊಂದು ಯಾವ ಹಳ್ಳಿಗೆ ಹೋದರೂ ಕೇಳಸಿಗುತ್ತದೆ. ಹೀಗಿರುವಾಗ, ಆಡುವ ಎಲೆಗಳನ್ನು ರಚಿಸುವುದರಲ್ಲಿ ತಮ್ಮ ಆಯುಷ್ಯದ ಒಂದು ಪಾಲನ್ನು ವ್ಯಯಮಾಡಿದ ಅರಸರೊಬ್ಬರ ಜೀವನವನ್ನು ಈ ಸಂಚಿಕೆಗಾಗಿ ಆರಿಸಿಕೊಂಡುದು ಕೆಲವರಿಗೆ ವಿಚಿತ್ರವೆನಿಸಬಹುದು. ಆ ಅರಸರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದ ನಮ್ಮ ತರಗತಿಯವರೆಲ್ಲರಿಗೂ ಈ ಹೆಸರು ಪರಿಚಿತವಾದದ್ದೇ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರಲ್ಲಿ ಹುಟ್ಟಿದ್ದು ಇವರ ಆಶ್ರಯದಲ್ಲಿ. ಇವರನ್ನು ಅಭಿನವ ಭೋಜನೆಂದು ಪಂಡಿತರು ಹೊಗಳಿದರು. ಇತ್ತ ರಾಜಕೀಯ ಚರಿತ್ರೆಯ ಪುಸ್ತಕವನ್ನು ತೆರೆದರೆ ಅದೇ ವ್ಯಕ್ತಿ ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುವರು: ದುಂದುಗಾರ, ಆಳಲಾರದವ, ಕೈಗೆ ಬಂದ ರಾಜ್ಯವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟವ. ಸಾಹಿತ್ಯದವರ ಭೋಜರಾಜನಿಗೂ ರಾಜಕೀಯದವರ ದುಂದುಗಾರನಿಗೂ ನಡುವೆ ಮೂರನೆಯ ಒಬ್ಬ ಮನುಷ್ಯ ಇದ್ದಾನೆಂದು ನನ್ನ ಅನಿಸಿಕೆ. ಆತನು ಸಿಗುವುದು ಆತನ ಆಟದ ಎಲೆಗಳಲ್ಲಿ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವರ ಕಾಲದಲ್ಲಿ ನಮ್ಮ ರಾಯಚೂರು ಸೀಮೆ ಮೈಸೂರಿಗೆ ಸೇರಿದ್ದಲ್ಲ, ನಿಜಾಮರದು. 1853ರಲ್ಲಿ ನಿಜಾಮರು ಸಾಲದ ಬಾಬತ್ತಿಗೆ ಈ ಎಡೆದೊರೆ ನಾಡನ್ನು ಕುಂಪಣಿಗೆ ಒಪ್ಪಿಸಿದರು. 1860ರಲ್ಲಿ ಅದು ಪುನಃ ನಿಜಾಮರ ಕೈಸೇರಿತು. ನಾಡುಗಳೇ ಎಲೆಗಳಂತೆ ಕೈಯಿಂದ ಕೈಗೆ ಹಾರುತ್ತಿದ್ದ ಕಾಲವದು. ಆದುದರಿಂದ ಇಲ್ಲಿ ನಾನು ನಮ್ಮ ಅರಸರೆಂಬ ಅಭಿಮಾನದಿಂದ ಬರೆಯುತ್ತಿಲ್ಲ. ಮೈಸೂರಿನವರು ಬರೆದರೆ ಭಕ್ತಿ ಸ್ವಲ್ಪ ಹೆಚ್ಚಾದೀತು. ನಮಗೆ ಆ ತೊಂದರೆಯಿಲ್ಲ.

1794ನೆಯ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಕೃಷ್ಣರಾಜರು ಜನಿಸಿದರು. ಒಡೆಯರ ಮನೆತನಕ್ಕೆ ಆಗ ಹೆಸರಿಗೆ ಮಾತ್ರ ಅರಸುತನ; ಅಧಿಕಾರವೆಲ್ಲ ಟಿಪ್ಪುಸುಲ್ತಾನನದು. ಮಗು ಎರಡು ವರ್ಷದ್ದಾಗಿರುವಾಗಲೇ, 1796ರಲ್ಲಿ, ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಗೆದ್ದವರು ರಾಜ್ಯವನ್ನು ಪಾಲುಮಾಡಿಕೊಂಡರು. ಉಳಿದ ನಡುಭಾಗವನ್ನು ಹಳೆಯ ಅರಸುಮನೆತನಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಇದಕ್ಕಾಗಿ ಹಲವು ವರ್ಷಗಳಿಂದ ಇಂಗ್ಲಿಷರೊಡನೆ ಗುಟ್ಟಾಗಿ ಸಂಧಾನ ನಡೆಸಿದ್ದವರು ರಾಣಿ ಲಕ್ಷ್ಮಮ್ಮಣ್ಣಿಯವರು. ಅದೇ ಜೂನ್ 30ರಂದು ಮೈಸೂರಿನಲ್ಲಿ ಹಾಕಿದ ಚಪ್ಪರದ ಕೆಳಗೆ ಐದು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಕುಂಪಣಿಗೆ ವರ್ಷವೊಂದಕ್ಕೆ 7 ಲಕ್ಷ ವರಹಗಳನ್ನು ಸಲ್ಲಿಸಬೇಕೆಂದೂ, ಆಡಳಿತ ಕೆಟ್ಟರೆ ಗವರ್ನರ್ ಜನರಲ್ಲರು ರಾಜ್ಯವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಬಹುದೆಂದೂ ಒಪ್ಪಂದದಲ್ಲಿ ಬರೆದಿತ್ತು. ಬಾಲಕನು ಮೊದಲ ಆಟಕ್ಕೆ ಕೂಡುವ ಮೊದಲೇ ತುರುಪಿನ ಎಲೆ ಎದುರಿನವರ ಕೈಯಲ್ಲಿತ್ತು.

ಹನ್ನೊಂದು ವರ್ಷಗಳ ಕಾಲ ದಿವಾನ್ ಪೂರ್ಣಯ್ಯನವರೇ ರಾಜ್ಯವನ್ನು ಆಳಿದರು. ಟಿಪ್ಪುವಿನಲ್ಲಿಯೂ ಮಂತ್ರಿಯಾಗಿದ್ದ ಈ ಮುತ್ಸದ್ದಿ ಬೊಕ್ಕಸವನ್ನು ತುಂಬಿದನೆಂಬುದು ಎಲ್ಲರೂ ಒಪ್ಪುವ ಮಾತು. 1810ರಲ್ಲಿ ಲಕ್ಷ್ಮಮ್ಮಣ್ಣಿಯವರು ಕಾಲವಾದರು. ಆ ವರ್ಷದ ಕೊನೆಯಿಂದ ಮುಂದಿನ ವರ್ಷದ ಆರಂಭದೊಳಗಾಗಿ ಹದಿನಾರರ ತರುಣ ಕೃಷ್ಣರಾಜರು ಆಡಳಿತವನ್ನು ಕೈಗೆ ತೆಗೆದುಕೊಂಡರು. 1812ರಲ್ಲಿ ಪೂರ್ಣಯ್ಯನವರೂ ಗತಿಸಿದರು. ಆಮೇಲಿನ ಇಪ್ಪತ್ತು ವರ್ಷಗಳ ಆಳ್ವಿಕೆಯನ್ನು ಯಾರೂ ಮಾದರಿಯೆಂದು ಹೇಳಲಾರರು. ದಾನದತ್ತಿಗಳಿಗೆ, ಉತ್ಸವಗಳಿಗೆ, ಗುಡಿಗೋಪುರಗಳಿಗೆ ಹಣ ಹರಿಯಿತು. ಚಾಮುಂಡಿಬೆಟ್ಟದ ಗೋಪುರವೂ ಮೈಸೂರು ಕೋಟೆಯೊಳಗಿನ ಪ್ರಸನ್ನ ಕೃಷ್ಣಸ್ವಾಮಿ ದೇವಾಲಯವೂ 1820ರ ದಶಕದಲ್ಲಿ ಎದ್ದುವು. ಕಂದಾಯವನ್ನು ಗುತ್ತಿಗೆಗೆ ಹಿಡಿದವರು ರೈತರನ್ನು ಹಿಂಡಿದರು. 1830ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ಬೂದಿ ಬಸವಪ್ಪನೆಂಬವನು ಅವರ ಮುಂದಾಳಾದನು. ಅರಮನೆಯ ಲೆಕ್ಕದಲ್ಲಿ ದೇವರಿಗೆ ಸಲ್ಲಿದ ಹಣ ಯಾರ ಹೊಲದಿಂದ ಬಂದಿತೆಂಬುದನ್ನು ರೈತರ ಮಕ್ಕಳಾದ ನಾವು ಮರೆಯುವಂತಿಲ್ಲ.

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಬೆಂಟಿಂಕನು ಒಪ್ಪಂದದ ಆ ಷರತ್ತನ್ನು ಹೊರತೆಗೆದು ರಾಜ್ಯದ ಆಡಳಿತವನ್ನು ಕಸಿದುಕೊಂಡನು. ಅರಸರಿಗೆ ಉಳಿದದ್ದು ಪದವಿ, ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು. ಕಚೇರಿಗಳೆಲ್ಲ ಬೆಂಗಳೂರಿಗೆ ಹೋದುವು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅಲ್ಲಿಂದಲೇ ನಾಡನ್ನು ಆಳಿದನು. ಬೆಂಟಿಂಕನಿಗೆ ತಾನು ಮಾಡಿದ್ದು ಅತಿಯಾಯಿತೇನೋ ಎಂಬ ಶಂಕೆ ಆಮೇಲೆ ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು ಶಿಫಾರಸು ಮಾಡಿದನು. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅರಸರಿಗೆ ಆಗ ಮೂವತ್ತೇಳು ವಯಸ್ಸು. ಮುಂದೆ ಮೂವತ್ತಾರು ವರ್ಷಗಳಿಗೂ ಹೆಚ್ಚು ಕಾಲ ಅವರು ಬದುಕಿದ್ದರು. ಪ್ರತಿದಿನ ಕಿರೀಟ ಧರಿಸಿ, ದಸರೆಗೆ ಸಿಂಹಾಸನವೇರಿ, ಒಂದು ಹಳ್ಳಿಯ ಪಟೇಲನನ್ನೂ ನೇಮಿಸಲಾರದೆ ಬಾಳುವುದೆಂದರೆ ಏನೆಂಬುದನ್ನು ಊಹಿಸಿನೋಡಬೇಕು.

ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ತಮ್ಮ ಖರ್ಚಿನಿಂದ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಫೀಜಿಲ್ಲದ ಆ ರಾಜಾ ಶಾಲೆಯೇ ಬೆಳೆದು ಮಹಾರಾಜಾ ಕಾಲೇಜಾಯಿತು. ಕನ್ನಡದ ಎಷ್ಟು ಮಂದಿ ದೊಡ್ಡವರು ಆ ಕಾಲೇಜಿನಿಂದ ಬಂದರೆಂಬುದನ್ನು ನಮ್ಮ ಅಧ್ಯಾಪಕರಿಗೆ ಹೇಳಬೇಕಾದುದಿಲ್ಲ. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ಇಳಿಸಿದ ‘ಕೃಷ್ಣರಾಜ ವಾಣೀವಿಲಾಸ’ ಅರಮನೆಯಲ್ಲಿ ಸಿದ್ಧವಾಯಿತು. ಅಳಿಯ ಲಿಂಗರಾಜರು ಅಲ್ಲಿಯೇ ಕಾವ್ಯ ಬರೆದರು. ಬಸವಪ್ಪಶಾಸ್ತ್ರಿಗಳು ಅಲ್ಲಿಯೇ ಬೆಳೆದರು. ಇವೆಲ್ಲ ಪಠ್ಯಪುಸ್ತಕದಲ್ಲಿ ಇದ್ದೇ ಇವೆ. ಇಲ್ಲಿ ಬೆಳೆಸುವುದು ಬೇಡ.

ಈ ಅವಧಿಯ ಹಿರಿಯ ಕೃತಿ ‘ಶ್ರೀತತ್ತ್ವನಿಧಿ’. ಇದು ಒಂಬತ್ತು ನಿಧಿಗಳ ಬೃಹತ್ ಸಂಕಲನ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಮುಂತಾದ ನಿಧಿಗಳಲ್ಲಿ ಒಂದೊಂದು ದೇವತೆಯ ಧ್ಯಾನಶ್ಲೋಕವೂ ಅದಕ್ಕೊಪ್ಪುವ ವರ್ಣಚಿತ್ರವೂ ಇವೆ: ಮೈಬಣ್ಣ ಯಾವುದು, ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು ಎಂಬ ವಿವರ ಸಹಿತ. ಕೊನೆಯದು ಕೌತುಕನಿಧಿ. ಹೆಸರೇ ಹೇಳುವಂತೆ ಅದು ಸೋಜಿಗಗಳ ಬೊಕ್ಕಸ. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಗೆಯಲ್ಲಿ ಅರಸರಿಗೆ ಅಪಾರ ಪರಿಶ್ರಮವಿತ್ತು. ಆ ಅಂಕಬಂಧಗಳನ್ನು ಪಶ್ಚಿಮದ ಚದುರಂಗ ಚರಿತ್ರೆಕಾರರು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ಇದೇ ನಿಧಿಯಲ್ಲಿರುವ 122 ಯೋಗಾಸನಗಳ ಚಿತ್ರಗಳು 1996ರಲ್ಲಿ ಅಚ್ಚಾಗಿ ಬಂದಮೇಲೆ ಯೋಗಾಭ್ಯಾಸಿಗಳ ಲೋಕದಲ್ಲಿ ದೊಡ್ಡ ಚರ್ಚೆಯೆದ್ದಿತು. ನಮ್ಮ ವಿಷಯಕ್ಕೆ ಬೇಕಾದದ್ದು ಇದರಲ್ಲಿಯೇ ಇರುವ ಛದಗಳು.

ಛದವೆಂದರೆ ಸಂಸ್ಕೃತದಲ್ಲಿ ಎಲೆ. ನಮ್ಮ ಹಳ್ಳಿಯ ಆಟಗಾರನು ಎಲೆ ಹಾಕು ಎನ್ನುವಾಗ ಬಳಸುವ ಮಾತೂ ಅರಸರ ಪಂಡಿತರು ಬಳಸಿದ ಮಾತೂ ಅರ್ಥದಲ್ಲಿ ಒಂದೇ. ಅರಸರು ಮಾಡಿದ್ದು ಎಷ್ಟು ಹೊಸದೆಂದು ತಿಳಿಯಬೇಕಾದರೆ ಅವರಿಗಿಂತ ಮೊದಲು ಏನಿತ್ತೆಂಬುದನ್ನು ನೋಡಬೇಕು. ಮೊಗಲರ ಜೊತೆಗೆ ಬಂದ ಗಂಜೀಫಾ ಎಂಬ ಆಟ ನಮ್ಮ ದೇಶದಲ್ಲಿ ಹಬ್ಬಿತ್ತು. 1527ರಲ್ಲಿ ಬಾಬರನು ಸಿಂಧದ ಗೆಳೆಯನೊಬ್ಬನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದು ಅವನ ಆತ್ಮಕಥೆಯಲ್ಲಿ ದಾಖಲಾಗಿದೆ. ಅಕ್ಬರನು ಈ ಆಟದ ಬಣ್ಣಗಳನ್ನು ತನ್ನ ಇಷ್ಟದಂತೆ ಮಾರ್ಪಡಿಸಿದ ಸಂಗತಿ ‘ಐನ್-ಇ-ಅಕ್ಬರಿ’ಯಲ್ಲಿ ಇದೆ. ಆದುದರಿಂದ ಎಲೆಯನ್ನು ತಿದ್ದಿದ ಅರಸರಲ್ಲಿ ಕೃಷ್ಣರಾಜರು ಮೊದಲಿಗರಲ್ಲ.

ಸಾಮಾನ್ಯವಾದ ಮೊಗಲ್ ಗಂಜೀಫಾದ ಕಟ್ಟಿನಲ್ಲಿ ಎಂಟು ಬಣ್ಣ, 96 ಎಲೆ. ಒಂದೊಂದು ಬಣ್ಣದಲ್ಲಿ ಒಂದರಿಂದ ಹತ್ತರವರೆಗೆ ಅಂಕೆಯ ಎಲೆಗಳು, ಮೇಲೆ ಅರಸ, ಮಂತ್ರಿ. ಕಿರೀಟ, ಖಡ್ಗ, ಗುಲಾಮ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ವಾದ್ಯ, ಹುಂಡಿಪತ್ರ, ಜವಳಿ, ಇವೇ ಆ ಬಣ್ಣಗಳ ಗುರುತು. ಕಟ್ಟನ್ನು ನೆಲದ ಮೇಲೆ ಹರಡಿದರೆ ಒಂದು ಸರ್ಕಾರದ ಇಲಾಖೆಗಳನ್ನೆಲ್ಲ ಹರಡಿದಂತೆ. ಹಿಂದೂ ಮನೆತನಗಳಲ್ಲಿ ಇದು ದಶಾವತಾರದ ಆಟವಾಯಿತು: ಹತ್ತು ಬಣ್ಣ, 120 ಎಲೆ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಹಗಲು ಆಡುವಾಗ ರಾಮನ ಎಲೆ ಹಿಡಿದವನು ಆಟ ತೆಗೆಯಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಎಲೆಗಳು ಗುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಸಿರಿವಂತರಿಗೆ ದಂತದ ಮೇಲೆ, ಬಡವರಿಗೆ ಬಟ್ಟೆ ಕಾಗದಗಳನ್ನು ಅಂಟಿನಿಂದ ಪದರಪದರವಾಗಿ ಕೂಡಿಸಿದ ದಪ್ಪ ಹಾಳೆಯ ಮೇಲೆ ಬರೆಯುತ್ತಿದ್ದರು. ಮೇಲೆ ಅರಗಿನ ಹೊಳಪು. ಸಾವಂತವಾಡಿ, ಒಡಿಶಾ, ಬಂಗಾಳದ ವಿಷ್ಣುಪುರ, ನಮಗೆ ಹತ್ತಿರದ ನಿರ್ಮಲ, ಈ ಎಲ್ಲ ಕಡೆಗಳಲ್ಲಿ ಚಿತ್ರಗಾರರ ಮನೆತನಗಳು ಇದರಿಂದ ಜೀವಿಸಿದ್ದುವು. ಕಿನ್ನಾಳದ ಬೊಂಬೆಗಳ ಮೇಲಿನ ಬಣ್ಣವನ್ನು ಕಂಡವರಿಗೆ ಆ ಕೈಗಾರಿಕೆಯ ಗತ್ತು ಸ್ವಲ್ಪಮಟ್ಟಿಗೆ ಊಹೆಗೆ ಬಂದೀತು.

ಈ ಎಲೆಯ ರಚನೆಯಲ್ಲಿ ಒಂದು ಜಾಣತನವಿದೆ. ಪ್ರತಿಯೊಂದು ಬಣ್ಣಕ್ಕೂ ಹಿನ್ನೆಲೆಯ ವರ್ಣ ಬೇರೆ. ಕೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಹಿಡಿದಾಗ ಅಂಚಿನಲ್ಲಿ ಇಣುಕುವ ವರ್ಣದಿಂದಲೇ ಆಟಗಾರನು ಮೀನಾವುದು ಆಮೆ ಯಾವುದು ಎಂದು ತಿಳಿಯುವನು. ಅಂಕೆಯನ್ನು ಅಕ್ಷರದಲ್ಲಿ ಬರೆದಿಲ್ಲ. ಏಳು ಎಂದರೆ ಏಳು ಮೀನು. ಅಕ್ಷರ ಬಾರದವನೂ ಆಡಬಹುದು. ಅರಸನು ಪೀಠದ ಮೇಲೆ, ಮಂತ್ರಿ ಕುದುರೆಯ ಮೇಲೆ. ಅಷ್ಟರಿಂದಲೇ ಪದವಿ ತಿಳಿಯಿತು. ಎಷ್ಟು ಕಡಿಮೆ ಗೆರೆಗಳಲ್ಲಿ ಎಷ್ಟು ಬೇಗ ಗುರುತು ಹತ್ತುತ್ತದೆ ಎಂಬುದೇ ಆಟದ ಎಲೆಯ ಅಂದವನ್ನು ಅಳೆಯುವ ಅಳತೆಗೋಲು.

ಮುಮ್ಮಡಿಯವರು ಈ ಅಳತೆಗೋಲನ್ನೇ ಮುರಿದುಹಾಕಿದರು. ಅವರ ಛದಗಳಲ್ಲಿ ಬಣ್ಣಗಳು ಹದಿನೆಂಟರವರೆಗೂ ಏರುತ್ತವೆ. ಒಂದೊಂದು ಬಣ್ಣದಲ್ಲಿ ಹತ್ತರ ಬದಲು ಹನ್ನೆರಡು ಅಂಕೆಗಳು. ಅರಸ ಮಂತ್ರಿಯರಿಬ್ಬರ ಬದಲು ಆರು ಆಸ್ಥಾನದ ಎಲೆಗಳು. ಮೇಲೆ ಶಾಶ್ವತವಾದ ತುರುಪುಗಳು, ಯಾವ ಎಲೆಗೆ ಬೇಕಾದರೂ ಬದಲಿಯಾಗಬಲ್ಲ ಜೋಕರಿನಂಥ ಎಲೆಗಳು. ದೊಡ್ಡ ಕಟ್ಟಿನಲ್ಲಿ ಎಲೆಗಳ ಸಂಖ್ಯೆ 360ನ್ನು ಮುಟ್ಟುತ್ತದೆ. ಈಗಿನ ಇಸ್ಪೇಟಿನ ಏಳು ಕಟ್ಟುಗಳಿಗೆ ನಾಲ್ಕೇ ಎಲೆ ಕಡಮೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ತಮ್ಮದೇ ಹೆಸರಿನ ಕೃಷ್ಣರಾಜ ಛದ, ಹೀಗೆ ಒಂದಾದ ಮೇಲೊಂದು ಹೊಸ ಆಟಗಳು ಹುಟ್ಟಿದುವು. ಚಿತ್ರಗಳಿಗೆ ಆಧಾರವನ್ನು ಬೇರೆಲ್ಲಿಯೂ ಹುಡುಕಬೇಕಾಗಿರಲಿಲ್ಲ. ಶ್ರೀತತ್ತ್ವನಿಧಿಯ ಉಳಿದ ನಿಧಿಗಳೇ ಪಕ್ಕದಲ್ಲಿದ್ದುವು. ಗ್ರಹಗಳಿಗೆ ಶಾಸ್ತ್ರವೇ ವರ್ಣಗಳನ್ನು ವಿಧಿಸಿದೆ: ಚಂದ್ರನಿಗೆ ಬಿಳುಪು, ಬುಧನಿಗೆ ಹಸಿರು, ಗುರುವಿಗೆ ಹಳದಿ, ಶನಿಗೆ ಕಪ್ಪು. ಇಡೀ ದೇವಲೋಕವನ್ನು ವರ್ಣ, ವಾಹನ, ಆಯುಧಗಳ ಪ್ರಕಾರ ವಿಂಗಡಿಸಿಟ್ಟ ಪಂಡಿತರಿಗೆ ಅದನ್ನು ಅಂಗೈಯಗಲದ ಎಲೆಗಳಿಗೆ ಇಳಿಸುವುದು ಸಹಜವಾದ ಮುಂದಿನ ಹೆಜ್ಜೆಯಾಗಿತ್ತು.

ಆದರೆ ಶಾಸ್ತ್ರ ಒಪ್ಪಿದುದನ್ನು ಕಣ್ಣು ಒಪ್ಪಬೇಕಲ್ಲ! ಶಾಸ್ತ್ರದಲ್ಲಿ ಸೂರ್ಯನೂ ಕೆಂಪು, ಮಂಗಳನೂ ಕೆಂಪು. ಹತ್ತು ಹಿನ್ನೆಲೆ ವರ್ಣಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವುದೇ ದೀಪದ ಬೆಳಕಿನಲ್ಲಿ ಪ್ರಯಾಸ. ಹದಿನೆಂಟಾದರೆ ಕೆಂಪಿಗೂ ಕಾವಿಗೂ, ಹಸಿರಿಗೂ ಗಿಳಿಹಸಿರಿಗೂ ವ್ಯತ್ಯಾಸ ಹುಡುಕುತ್ತ ಕೂಡಬೇಕಾದೀತು. ಮೂವರು ಆಡಲು ಕುಳಿತು 360 ಎಲೆಗಳನ್ನು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬನಿಗೆ 120. ಯಾವ ಕೈ ಹಿಡಿದೀತು? ಹೀಗಾಗಿ ಈ ಆಟಗಳು ಅರಮನೆಯ ಹೊಸ್ತಿಲನ್ನು ದಾಟಲಿಲ್ಲ. ಜಗುಲಿಗೆ ಬಂದ ದಶಾವತಾರದ ಎಲೆಯಂತೆ ಮುಮ್ಮಡಿಯವರ ಛದ ಜನರ ಬಳಿಗೆ ಬರಲೇ ಇಲ್ಲ. ಆಟವನ್ನು ರಚಿಸಿದವನ ಸೋಲು ಇದೆಂದು ಹೇಳಿದರೆ ನಾನು ಒಪ್ಪುವೆನು.

ಅದೇ ಕಾಲದಲ್ಲಿ ಪಶ್ಚಿಮದಲ್ಲಿ ಎಲೆಗಳ ಗತಿ ನೇರ ವಿರುದ್ಧ ದಿಕ್ಕಿಗೆ ನಡೆದಿತ್ತು. ಅರಸರು ರಾಜ್ಯ ಕಳೆದುಕೊಂಡ ಆಸುಪಾಸಿನಲ್ಲಿಯೇ, 1830ರ ದಶಕದ ಆರಂಭದಲ್ಲಿ, ಲಂಡನ್ನಿನ ಥಾಮಸ್ ಡಿ ಲಾ ರೂ ಎಂಬವನು ಎಲೆಗಳನ್ನು ಯಂತ್ರದಿಂದ ಬಣ್ಣಬಣ್ಣವಾಗಿ ಅಚ್ಚುಹಾಕುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ನಾಲ್ಕೇ ಗುರುತು, ಎರಡೇ ವರ್ಣ, 52 ಎಲೆ. ಅಗ್ಗದ ಆ ಕಟ್ಟು ಹಡಗಿನಲ್ಲಿ ಬಂದು ನಮ್ಮ ಪೇಟೆಗಳನ್ನು ತುಂಬಿದಂತೆ ಗಂಜೀಫಾ ಬರೆಯುವವರ ಕುಂಚ ಒಣಗಿತು. ಇಲ್ಲಿ ಅರಸನು ಎಲೆಯನ್ನು ತುಂಬುತ್ತಿದ್ದಾಗ ಅಲ್ಲಿ ಯಂತ್ರವು ಅದನ್ನು ಬರಿದುಮಾಡುತ್ತಿತ್ತು.

ಬರಿದಾದ ಎಲೆ ಮತ್ತೆ ತುಂಬಿಕೊಂಡುದು ಆಟದಲ್ಲಲ್ಲ, ಸಿಗರೇಟಿನ ಪೊಟ್ಟಣದಲ್ಲಿ! ಪೊಟ್ಟಣ ನಜ್ಜುಗುಜ್ಜಾಗದಿರಲೆಂದು ಒಳಗೆ ಇಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಅಮೆರಿಕದ ವ್ಯಾಪಾರಿಗಳು ಚಿತ್ರ ಮುದ್ರಿಸತೊಡಗಿದರು. 1887ರಲ್ಲಿ ವರ್ಜೀನಿಯಾದ ಆಲನ್ ಆ್ಯಂಡ್ ಗಿಂಟರ್ ಎಂಬ ಕಂಪನಿ ಜಗತ್ತಿನ ವೀರರೆಂಬ ಹೆಸರಿನಲ್ಲಿ ಬೇಸ್‌ಬಾಲ್ ಆಟಗಾರರು, ಮುಷ್ಟಿಮಲ್ಲರು, ಕುಸ್ತಿಪಟುಗಳು, ದೋಣಿ ಹುಟ್ಟುಹಾಕುವವರು ಮೊದಲಾದ 50 ಜನರ ಚಿತ್ರಮಾಲೆಯನ್ನು ಹೊರಡಿಸಿತು: ಬಿಳಿಯ ಹಿನ್ನೆಲೆ, ಎದೆಯವರೆಗಿನ ಮುಖಚಿತ್ರ, ಕೆಳಗೆ ಹೆಸರು. 1952ರಲ್ಲಿ ಟಾಪ್ಸ್ ಎಂಬ ಕಂಪನಿ 407 ಎಲೆಗಳ ಬೇಸ್‌ಬಾಲ್ ಮಾಲೆಯನ್ನು ತಂದಿತು. ಅದರ ಮುಂಭಾಗದಲ್ಲಿ ಆಟಗಾರನ ಚಿತ್ರ, ತಂಡದ ಲಾಂಛನ, ಸಹಿಯ ಪಡಿಯಚ್ಚು. ಹಿಂಭಾಗದಲ್ಲಿ ಆತನ ಆಟದ ಅಂಕಿಅಂಶಗಳು. ನಾವು ಚಿಕ್ಕವರಿದ್ದಾಗ ಅಂಗಡಿಯಲ್ಲಿ ಕೊಂಡು, ಎತ್ತರ ತೂಕಗಳನ್ನು ಹೋಲಿಸಿ ಆಡುತ್ತಿದ್ದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳೂ ಇದೇ ವಂಶದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಡುವ ಎಲೆಯ ಬೆನ್ನು ಮೂಕವಾಗಿರಬೇಕು. ಬೆನ್ನು ಮಾತಾಡಿದರೆ ಆಟ ಕೆಟ್ಟಿತು. ಕೂಡಿಡುವ ಎಲೆಯಾದರೆ ಬೆನ್ನು ತುಂಬ ಮಾತಾಡಬೇಕು. ಮುಮ್ಮಡಿಯವರ ಛದದ ಮುಖ ಕೂಡಿಡುವ ಎಲೆಯದು, ಬೆನ್ನು ಆಡುವ ಎಲೆಯದು. ಎಲೆಯ ಬೆನ್ನು ಹೇಳಬೇಕಾದುದನ್ನು ಶ್ರೀತತ್ತ್ವನಿಧಿಯ ಪುಟಗಳು ಹೇಳಿದುವು. ಮಾಲೆಯಾಗಿ ಚಿತ್ರಗಳನ್ನು ಯೋಜಿಸಿ, ಒಂದೊಂದಕ್ಕೂ ಸಂಖ್ಯೆ, ಸ್ಥಾನ, ವರ್ಣಗಳನ್ನು ನಿಯಮಿಸಿ, ಇಡೀ ಲೋಕವನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಡುವ ಆಸೆ ಅಮೆರಿಕದ ವ್ಯಾಪಾರಿಗೆ ಹೊಳೆಯುವುದಕ್ಕಿಂತ ಹಲವು ವರ್ಷ ಮೊದಲೇ ಮೈಸೂರಿನಲ್ಲಿ ಹೊಳೆದಿತ್ತು. ವ್ಯಾಪಾರಿಗೆ ಲಾಭ ಬೇಕಾಗಿತ್ತು. ಅರಸರಿಗೆ ಏನು ಬೇಕಾಗಿತ್ತು?

ಸುಮ್ಮನೆ ಹೊತ್ತು ಕಳೆಯುವುದೆಂದು ಅವರ ಕಾಲದ ಇಂಗ್ಲಿಷರು ತಿಳಿದರು. ನನಗೆ ಹಾಗೆ ತೋರುವುದಿಲ್ಲ. ಹೊತ್ತು ಕಳೆಯುವವನಿಗೆ 96 ಎಲೆಗಳು ಧಾರಾಳವಾಗಿ ಸಾಕು. ಆರು ಆರು ಆಸ್ಥಾನಿಕರನ್ನು ಹದಿನೆಂಟು ಸಾಲುಗಳಲ್ಲಿ ನಿಲ್ಲಿಸಿ ಯಾರು ಯಾರಿಗಿಂತ ಮೇಲು, ಯಾವುದು ಯಾವುದನ್ನು ಹೊಡೆಯುತ್ತದೆ ಎಂಬ ಕಾಯಿದೆಯನ್ನು ಸಂಸ್ಥಾಪಿಸಿದವರಿಗೆ ನಿಜವಾದ ಆಸ್ಥಾನದಲ್ಲಿ ಅಂತಹ ಕಾಯಿದೆ ಮಾಡುವ ಹಕ್ಕು ಇರಲಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಕಬ್ಬನ್ನನು ತಾಲ್ಲೂಕುಗಳನ್ನು ವಿಂಗಡಿಸುತ್ತಿದ್ದ ದಿನಗಳಲ್ಲಿ ಅರಸರು ಗ್ರಹಗಳನ್ನೂ ಪಾಂಡವರನ್ನೂ ವಿಂಗಡಿಸುತ್ತಿದ್ದರು. ತಾಳ್ಮೆ, ಲೆಕ್ಕ, ಕ್ರಮ, ಹೆಸರಿಡುವ ಹುರುಪು ಎಲ್ಲವೂ ಆಳುವವನದೇ. 1831ಕ್ಕೆ ಮೊದಲು ಕಂದಾಯದ ಲೆಕ್ಕದಲ್ಲಿ ಈ ತಾಳ್ಮೆಯನ್ನು ತೋರಿಸಿದ್ದರೆ ನಗರದ ರೈತರ ಪಾಡು ಬೇರೆಯಾಗುತ್ತಿತ್ತೋ ಏನೋ. ಆ ಮಾತನ್ನು ಅವರ ಅಭಿಮಾನಿಗಳು ಕೇಳಿಸಿಕೊಳ್ಳಲೇಬೇಕು.

ಎಲೆ ಚದುರಂಗಗಳ ನಡುವೆ ರಾಜ್ಯದ ಹಂಬಲವನ್ನು ಅವರು ಬಿಟ್ಟಿರಲಿಲ್ಲ. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬನು ಬಂದಾಗಲೆಲ್ಲ ಅರ್ಜಿ ಕಳುಹಿಸಿದರು. ಡಾಲ್‌ಹೌಸಿಯ ಕಾಲದಲ್ಲಿ ಸತಾರಾ, ಝಾನ್ಸಿ, ನಾಗಪುರಗಳು ಔರಸ ಪುತ್ರರಿಲ್ಲವೆಂಬ ಕಾರಣಕ್ಕೆ ಕುಂಪಣಿಯ ಹೊಟ್ಟೆ ಸೇರಿದುವು. ಮೈಸೂರಿನಲ್ಲಿಯೂ ಔರಸ ಪುತ್ರರಿರಲಿಲ್ಲ. ಅರಸರಿಗೆ ಅರುವತ್ತು ದಾಟಿತ್ತು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ತಮ್ಮ ವಂಶಾವಳಿಯನ್ನು ಕಮಲದ ಆಕಾರದಲ್ಲಿ ಬರೆಯಿಸಿದರು. ಅದಕ್ಕೆ ಸಂತಾನಾಂಬುಜವೆಂದು ಹೆಸರು. ಕಮಲದ ಎಸಳುಗಳಲ್ಲಿ ಹಿರಿಯರನ್ನೆಲ್ಲ ಕ್ರಮವಾಗಿ ಕುಳ್ಳಿರಿಸಿದ ಆ ಚಿತ್ರವನ್ನು ಕಂಡಾಗ ಛದವನ್ನು ಯೋಜಿಸಿದ ಬುದ್ಧಿಯೇ ಇಲ್ಲಿಯೂ ಕೆಲಸಮಾಡಿರುವುದು ತಿಳಿಯುತ್ತದೆ. 1865ರ ಜೂನ್ 18ರಂದು ಬೆಟ್ಟದಕೋಟೆಯ ಅರಸು ಶಾಖೆಯ ಎರಡು ವರ್ಷದ ಮಗುವೊಂದನ್ನು ದತ್ತು ತೆಗೆದುಕೊಂಡು ಚಾಮರಾಜೇಂದ್ರನೆಂದು ಕರೆದರು. ಸರ್ಕಾರ ಮೊದಲು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಅರಸರ ಪರವಾಗಿ ವಾದಿಸುವವರು ಹುಟ್ಟಿಕೊಂಡರು. ಈವಾನ್ಸ್ ಬೆಲ್ ಎಂಬ ಮೇಜರನು ಪುಸ್ತಕವನ್ನೇ ಬರೆದನು. ಕೊನೆಗೆ 1867ರಲ್ಲಿ, ಸಂಸ್ಥಾನವನ್ನು ಒಡೆಯರ ವಂಶಕ್ಕೇ ಉಳಿಸುವುದೆಂದು ಲಂಡನ್ನಿನಿಂದ ನಿರ್ಣಯ ಬಂದಿತು. ಎಪ್ಪತ್ತೆರಡರ ಮುದುಕ ತಮ್ಮ ಜೀವಮಾನದಲ್ಲಿ ಗೆದ್ದ ದೊಡ್ಡ ಪಟ್ಟು ಅದೊಂದೇ. ತಮಗಾಗಿ ಅಲ್ಲ, ಮಗುವಿಗಾಗಿ.

1868ರ ಮಾರ್ಚ್ 27ರಂದು ಕೃಷ್ಣರಾಜರು ಕಣ್ಣುಮುಚ್ಚಿದರು. ಅದೇ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರನಿಗೆ ಪಟ್ಟವಾಯಿತು. ಆ ಬಾಲಕನಿಗೂ ಆಗ ಐದೇ ವರ್ಷ. ಆಡಳಿತ ಮೈಸೂರಿಗೆ ನಿಜವಾಗಿ ಹಿಂದಿರುಗಿದ್ದು 1881ರ ಮಾರ್ಚ್ 25ರಂದು.

ಛದದ ಆಟ ಅರಸರೊಡನೆಯೇ ಮುಗಿಯಿತು. ಕೌತುಕನಿಧಿಯ ಹಸ್ತಪ್ರತಿಗಳು ಉಳಿದುಕೊಂಡುವು. ಕೆಲವು ಎಲೆಗಳು ದೇಶವಿದೇಶದ ಸಂಗ್ರಹಾಲಯಗಳನ್ನು ಸೇರಿದುವು. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಕಲಾವಿಮರ್ಶಕ ರೂಡಾಲ್ಫ್ ಫಾನ್ ಲೇಡನ್ ಊರೂರು ಅಲೆದು ಗಂಜೀಫಾ ಎಲೆಗಳನ್ನು ಕೂಡಿಸಿ ಅವುಗಳ ಬಗೆಗೆ ಬರೆದನು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಭಾರತದ ಆಟದೆಲೆಗಳ ಪ್ರದರ್ಶನವಾದಾಗ ಹೊರಗಿನವರಿಗೆ ಈ ಲೋಕದ ಅರಿವಾಯಿತು. ಇತ್ತ ಶ್ರೀರಂಗಪಟ್ಟಣದಲ್ಲಿ ರಘುಪತಿ ಭಟ್ಟರು ಬತ್ತಿಹೋಗಿದ್ದ ಕಲೆಯನ್ನು ಮತ್ತೆ ಕೈಗೆತ್ತಿಕೊಂಡು ಗುಂಡಗಿನ ಎಲೆಗಳ ಮೇಲೆ ದೇವತೆಗಳನ್ನು ಬರೆದು ಹೆಸರಾದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಈಗ ಅವನ್ನು ಕೊಳ್ಳುವವರು ಆಡುವುದಕ್ಕೆಂದು ಕೊಳ್ಳುವುದಿಲ್ಲ. ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.